ಬೆಟ್ಟದ ಸೈಕಲ್: ಹೊಸದೋ, ಹಳೆಯದೋ?

ದನದ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೊದಲು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ. ಬೆನ್ನ ಮೇಲೆ ಕೈಯಾಡಿಸಿ, ಗೊರಸು ಎತ್ತಿ ನೋಡಿ, ನಾಲ್ಕು ಹೆಜ್ಜೆ ನಡೆಸಿದ ಮೇಲೆಯೇ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವುದು. ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದು ನಿಜ. ಆದರೆ ಕಾಸು ಕೊಟ್ಟು ಕೊಳ್ಳುವ ದನದ ಹಲ್ಲು ಎಣಿಸದವನನ್ನು ಜಾಣ ಎಂದು ಯಾರೂ ಕರೆಯುವುದಿಲ್ಲ.

ಇಂಥದೇ ಒಂದು ವ್ಯಾಪಾರ ಈಗ ಬೆಂಗಳೂರು, ಮೈಸೂರು, ಮಂಗಳೂರಿನ ತರುಣರ ಮುಂದೆಯೂ ಬರುತ್ತಿದೆ. ಸರಕು ಮಾತ್ರ ಬೇರೆ. ಅದು ಕಲ್ಲುಮುಳ್ಳಿನ ಬೆಟ್ಟದ ದಾರಿಯಲ್ಲಿ ಓಡಿಸಲೆಂದೇ ತಯಾರಾದ ಸೈಕಲ್, ಅಂದರೆ ಮೌಂಟನ್ ಬೈಕ್. ಕೆಲಸಕ್ಕೆ ಸೇರಿ ಎರಡು ವರ್ಷವಾದ ತರುಣನೊಬ್ಬ ಸಂಬಳದಲ್ಲಿ ಉಳಿಸಿ 80,000 ರೂಪಾಯಿ ಕೂಡಿಸಿದ್ದಾನೆ ಎಂದುಕೊಳ್ಳಿ. ಆ ಹಣಕ್ಕೆ ಅಂಗಡಿಯಲ್ಲಿ ಮಿರಿಮಿರಿ ಮಿಂಚುವ ಹೊಸ ‘ಹಾರ್ಡ್‌ಟೇಲ್’ ಸೈಕಲ್ ಸಿಗುತ್ತದೆ. ಅದೇ ಹಣಕ್ಕೆ ಗೆಳೆಯನ ಗೆಳೆಯನೊಬ್ಬ ನಾಲ್ಕು ವರ್ಷ ಓಡಿಸಿದ ‘ಫುಲ್ ಸಸ್ಪೆನ್ಷನ್’ ಸೈಕಲ್ ಕೊಡಲು ಸಿದ್ಧನಿದ್ದಾನೆ. ಹೊಸದಾಗಿದ್ದಾಗ ಅದರ ಬೆಲೆ ಇದರ ಎರಡು ಪಟ್ಟಿಗೂ ಹೆಚ್ಚು. ಯಾವುದನ್ನು ಕೊಳ್ಳುವುದು? ಉತ್ತರ ತಪ್ಪಿದರೆ ಹೋಗುವುದು ಹಣ ಮಾತ್ರವಲ್ಲ. ಇಳಿಜಾರಿನಲ್ಲಿ ಚೌಕಟ್ಟು ಮುರಿದರೆ ಜೊತೆಗೆ ಕೊರಳೆಲುಬೂ ಮುರಿದೀತು.

ಗಡುಸು ಬಾಲ, ಮೆತ್ತನೆ ಬೆನ್ನು

ಹಾರ್ಡ್‌ಟೇಲ್ ಎಂದರೆ ‘ಗಡುಸು ಬಾಲ’ದ ಸೈಕಲ್. ಇದರ ಮುಂಚಕ್ರ ಹಿಡಿದ ಫೋರ್ಕಿನಲ್ಲಿ ಮಾತ್ರ ಸ್ಪ್ರಿಂಗಿನ ಏರ್ಪಾಡಿದೆ. ಹಿಂಬದಿ ನಮ್ಮ ಸಾಮಾನ್ಯ ಸೈಕಲ್ಲಿನಂತೆಯೇ ಬಿಗಿಯಾದ ಚೌಕಟ್ಟು. ಫುಲ್ ಸಸ್ಪೆನ್ಷನ್‌ನಲ್ಲಿ ಹಿಂಚಕ್ರವೂ ಮೇಲೆ ಕೆಳಗೆ ಆಡುತ್ತದೆ. ಅದಕ್ಕಾಗಿ ಚೌಕಟ್ಟನ್ನು ಎರಡು ಭಾಗ ಮಾಡಿ, ಬೇರಿಂಗ್ ಇರುವ ಕೀಲುಗಳಿಂದ ಜೋಡಿಸಿ, ನಡುವೆ ಒಂದು ಶಾಕ್ ಅಬ್ಸಾರ್ಬರ್ ಕೂರಿಸಿರುತ್ತಾರೆ. ಸರಿಸುಮಾರು ಒಂದೂವರೆ ಎರಡು ಕಿಲೋ ಹೆಚ್ಚು ತೂಕ, ಹತ್ತಾರು ಹೆಚ್ಚಿನ ಬಿಡಿಭಾಗಗಳು, ಅದಕ್ಕೆ ತಕ್ಕ ಬೆಲೆ.

ವಿಚಿತ್ರವೆಂದರೆ, ಹೊಸದೋ ಹಳೆಯದೋ ಎಂಬ ಈ ಪ್ರಶ್ನೆ ಮೌಂಟನ್ ಬೈಕ್ ಹುಟ್ಟಿದ ದಿನಗಳಲ್ಲೇ ಎದ್ದದ್ದು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಕೆಲವು ತರುಣರು 1930-40ರ ದಶಕದ ಭಾರಿ ಷ್ವಿನ್ ಸೈಕಲ್ಲುಗಳನ್ನು ಗುಜರಿಯಿಂದ ಹೆಕ್ಕಿ ತಂದು, ದಪ್ಪ ಟಯರು ಹಾಕಿ ಬೆಟ್ಟದಿಂದ ಇಳಿಸುತ್ತಿದ್ದರು. 1976ರ ಅಕ್ಟೋಬರ್‌ನಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಅವರ ಮೊದಲ ಪಂದ್ಯ ನಡೆಯಿತು. ಮೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ಆ ದಾರಿಯಲ್ಲಿ ಸುಮಾರು 400 ಮೀಟರ್ ಇಳಿತ. ಒಮ್ಮೆ ಇಳಿದು ಮುಗಿಸುವಷ್ಟರಲ್ಲಿ ಹಿಂಚಕ್ರದ ಹಬ್ಬಿನೊಳಗಿನ ಬ್ರೇಕು ಕಾದು, ಅದರ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಿಯೇ ಮುಂದಿನ ಓಟ. ಹಾಗಾಗಿ ಆ ಇಳಿಜಾರಿಗೆ ‘ರೀಪ್ಯಾಕ್’, ಅಂದರೆ ಮರಳಿ ತುಂಬು, ಎಂಬ ಹೆಸರೇ ಬಂತು.

ಗುಜರಿಯ ಚೌಕಟ್ಟುಗಳು ಎಷ್ಟು ದಿನ ತಾಳಿಯಾವು? ಬಗ್ಗಿದವು, ಬಿರಿದವು, ಮುರಿದವು. 1977ರಲ್ಲಿ ಆ ಗುಂಪಿನ ಜೋ ಬ್ರೀಜ್ ಕ್ರೋಮಿಯಮ್-ಮಾಲಿಬ್ಡಿನಮ್ ಉಕ್ಕಿನ ಹೊಸ ಕೊಳವೆಗಳಿಂದ ಬೆಟ್ಟಕ್ಕೆಂದೇ ಚೌಕಟ್ಟು ಕಟ್ಟಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ‘ಸ್ಟಂಪ್‌ಜಂಪರ್’ ಬಂದ ಮೇಲೆ ಕಾರ್ಖಾನೆಗಳು ಈ ಸೈಕಲ್ಲುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದವು. 1989ರಲ್ಲಿ ಪಾಲ್ ಟರ್ನರ್ ಅವರ ರಾಕ್‌ಶಾಕ್ಸ್ ಕಂಪನಿ ಮುಂಬದಿಗೆ ಸ್ಪ್ರಿಂಗ್ ಫೋರ್ಕ್ ಮಾರಾಟಕ್ಕೆ ತಂದಿತು. ಅದರ ಬೆನ್ನಿಗೇ 1990ರ ದಶಕದ ಮೊದಲಲ್ಲಿ ಹಿಂಬದಿಗೂ ಶಾಕ್ ಬಂತು. ಅಲ್ಲಿಯವರೆಗೆ ಎಲ್ಲವೂ ಗಡುಸು ಬಾಲದವೇ ಆಗಿದ್ದರಿಂದ ಅವಕ್ಕೆ ಹಾರ್ಡ್‌ಟೇಲ್ ಎಂಬ ಬೇರೆ ಹೆಸರಿನ ಅಗತ್ಯವೇ ಇರಲಿಲ್ಲ.

ಹನ್ನೊಂದು ಪಟ್ಟೋ, ಮೂರು ಪಟ್ಟೋ?

ಹಿಂಬದಿಯ ಶಾಕ್ ನಿಜಕ್ಕೂ ಏನು ಮಾಡುತ್ತದೆ? ಪ್ರೌಢಶಾಲೆಯ ಭೌತಶಾಸ್ತ್ರ ಸಾಕು, ಲೆಕ್ಕ ಹಾಕಬಹುದು. ಸವಾರ 70 ಕಿಲೋ, ಸೈಕಲ್ 14 ಕಿಲೋ. ಒಂದಡಿ, ಅಂದರೆ ಸುಮಾರು 30 ಸೆಂಟಿಮೀಟರ್ ಎತ್ತರದ ಕಲ್ಲಿನಿಂದ ಎರಡೂ ಚಕ್ರ ಒಟ್ಟಿಗೆ ನೆಲಕ್ಕೆ ಬಿದ್ದವು ಎನ್ನೋಣ. ಸವಾರ ಕೊರಡಿನಂತೆ ಬಿಗಿಯಾಗಿ ಕುಳಿತಿದ್ದಾನೆ. ಸ್ಪ್ರಿಂಗೇ ಇಲ್ಲದ ಸೈಕಲ್ಲಾದರೆ ಟಯರು 3 ಸೆಂಟಿಮೀಟರ್ ಅಮುಕುವಷ್ಟರಲ್ಲಿ ಬೀಳುವಿಕೆ ನಿಲ್ಲಬೇಕು. ಆಗ ತಗಲುವ ಸರಾಸರಿ ಬಲ ಒಟ್ಟು ತೂಕದ 11 ಪಟ್ಟು. ಟಯರಿನ ಜೊತೆಗೆ ಶಾಕ್ ಕೂಡ 12 ಸೆಂಟಿಮೀಟರ್ ಕುಗ್ಗಿತೆಂದರೆ ನಿಲ್ಲಲು 15 ಸೆಂಟಿಮೀಟರ್ ಅವಕಾಶ ಸಿಕ್ಕಿತು. ಬಲ 3 ಪಟ್ಟಿಗೆ ಇಳಿಯಿತು. ಬಿದ್ದ ಶಕ್ತಿ ಅಷ್ಟೇ. ಅದನ್ನು ಅರಗಿಸಿಕೊಳ್ಳುವ ದೂರ ಮಾತ್ರ ಹೆಚ್ಚಾಯಿತು. ಮಾವಿನಕಾಯಿ ಹಿಡಿಯುವವನು ಕೈಯನ್ನು ಹಿಂದಕ್ಕೆಳೆದುಕೊಳ್ಳುವ ತಂತ್ರವೇ ಇದು.

ಆದರೆ ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಸವಾರ ಸೀಟಿನಿಂದ ಎದ್ದು ಪೆಡಲಿನ ಮೇಲೆ ನಿಂತು, ಮೊಣಕಾಲು ಮೊಣಕೈ ಸಡಿಲ ಬಿಟ್ಟಿದ್ದರೆ ದೇಹ 30 ಸೆಂಟಿಮೀಟರ್ ತಗ್ಗಬಲ್ಲುದು. ಆಗ ಗಡುಸು ಬಾಲದ ಸೈಕಲ್ಲಿನಲ್ಲೂ ಅವನ ದೇಹಕ್ಕೆ ತಗಲುವುದು ತೂಕದ ಸುಮಾರು ಎರಡು ಪಟ್ಟು ಬಲ ಮಾತ್ರ! ಪ್ರಕೃತಿ ಪುಕ್ಕಟೆಯಾಗಿ ಕೊಟ್ಟ ಮೊಣಕಾಲಿನಂಥ ಶಾಕ್ ಅಬ್ಸಾರ್ಬರ್ ಯಾವ ಕಂಪನಿಯೂ ಮಾಡಿಲ್ಲ. ಹಾರ್ಡ್‌ಟೇಲಿನಲ್ಲಿ ಕಲಿತವರು ಕಲ್ಲು ನೋಡಿ ದಾರಿ ಆರಿಸುವುದನ್ನು, ಮೈ ಸಡಿಲ ಬಿಡುವುದನ್ನು ಬೇಗ ಕಲಿಯುತ್ತಾರೆ ಎನ್ನುವುದು ಇದಕ್ಕೇ. ಕಲಿಯದವರಿಗೆ ಸೈಕಲ್ಲೇ ಪಾಠ ಹೇಳುತ್ತದೆ, ಸೊಂಟದ ಮೂಲಕ.

ಹಾಗಾದರೆ ಹಿಂಬದಿಯ ಶಾಕ್ ಬರೀ ಸುಖಕ್ಕೋ? ಅಲ್ಲ. ಕಲ್ಲು ಒಂದಲ್ಲ, ನೂರು ಇದ್ದಾಗ ಕಾಲುಗಳು ಅಷ್ಟು ಬೇಗ ಮಡಚಿ ಬಿಚ್ಚಲಾರವು. ಗಡುಸು ಬಾಲದ ಚಕ್ರ ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸುತ್ತದೆ. ಗಾಳಿಯಲ್ಲಿರುವ ಚಕ್ರ ತಿರುಗಿಸಿದರೂ ತಿರುಗದು, ಬ್ರೇಕು ಹಿಡಿದರೂ ನಿಲ್ಲದು. ಶಾಕ್ ಇರುವ ಚಕ್ರ ನೆಲಕ್ಕೆ ಅಂಟಿಕೊಂಡೇ ಹೋಗುತ್ತದೆ. ಕಡಿದಾದ ಕಲ್ಲಿನ ಇಳಿಜಾರಿನಲ್ಲಿ ಇದು ಸುಖದ ಮಾತಲ್ಲ, ಹಿಡಿತದ ಮಾತು.

ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಪಂದ್ಯ ಮೊದಲು ನಡೆದದ್ದು 1996ರಲ್ಲಿ, ಅಟ್ಲಾಂಟದಲ್ಲಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫುಲ್ ಸಸ್ಪೆನ್ಷನ್ ಏರಿದ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಕೊನೆಯ ಗಳಿಗೆಯಲ್ಲಿ ಚಿನ್ನ ಗೆದ್ದರು. ಕೇವಲ ಒಂದು ಸೆಕೆಂಡು ಹಿಂದೆ ಉಳಿದವರು ಹಾರ್ಡ್‌ಟೇಲ್ ಏರಿದ್ದ ಸ್ವಿಟ್ಜರ್ಲೆಂಡಿನ ನಿನೋ ಶೂರ್ಟರ್. 2016ರಲ್ಲಿ ರಿಯೋದಲ್ಲಿ ಶೂರ್ಟರ್ ಚಿನ್ನ ಗೆದ್ದಾಗ ಅವರ ಕೆಳಗಿದ್ದದ್ದೂ ಫುಲ್ ಸಸ್ಪೆನ್ಷನ್ನೇ. ಆದರೆ ಆ ಸೈಕಲ್ಲುಗಳು ಹೊಸವು, ಅವನ್ನು ನೋಡಿಕೊಳ್ಳಲು ಮೆಕ್ಯಾನಿಕ್ಕುಗಳ ತಂಡವೇ ಇತ್ತು ಎಂಬುದನ್ನು ಮರೆಯಬಾರದು. ನಮ್ಮ ತರುಣನಿಗೆ ಎರಡೂ ಇಲ್ಲ.

ಬಾಗಿಲು ಹೇಳುವ ಪಾಠ

ಬ್ಯಾಂಕು, ಕಚೇರಿಗಳ ಬಾಗಿಲಿನ ನೆತ್ತಿಯ ಮೇಲೆ ಒಂದು ಸಾಧನ ಇರುತ್ತದೆ. ಬಾಗಿಲು ತೆರೆದು ಬಿಟ್ಟರೆ ಅದು ತಾನಾಗಿ, ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಒಳಗಿರುವುದು ಒಂದು ಸ್ಪ್ರಿಂಗ್, ಒಂದಿಷ್ಟು ಎಣ್ಣೆ. ಸ್ಪ್ರಿಂಗ್ ಬಾಗಿಲನ್ನು ಎಳೆಯುತ್ತದೆ. ಎಣ್ಣೆ ಸಣ್ಣ ರಂಧ್ರದ ಮೂಲಕ ನುಸುಳುತ್ತ ಆ ವೇಗವನ್ನು ತಡೆಯುತ್ತದೆ. ಎಣ್ಣೆ ಸೋರಿಹೋದ ಬಾಗಿಲು ದಢಾರನೆ ಬಡಿಯುವುದನ್ನು ಎಲ್ಲರೂ ಕೇಳಿದ್ದಾರೆ.

ಸೈಕಲ್ಲಿನ ಶಾಕ್ ಕೂಡ ಹೀಗೆಯೇ. ಸ್ಪ್ರಿಂಗಿನ ಕೆಲಸವನ್ನು ಬಹುಪಾಲು ಸೈಕಲ್ಲುಗಳಲ್ಲಿ ಒತ್ತಡಕ್ಕೊಳಗಾದ ಗಾಳಿ ಮಾಡುತ್ತದೆ. ಎಣ್ಣೆ ಆ ಕುಣಿತವನ್ನು ಹಿಡಿದು, ಶಕ್ತಿಯನ್ನು ಶಾಖವಾಗಿ ಹೊರಬಿಡುತ್ತದೆ. ಹಿಂಚಕ್ರ 120 ಮಿಲಿಮೀಟರ್ ಮೇಲೇಳುವಾಗ ಶಾಕ್ ಕುಗ್ಗುವುದು 45ರಿಂದ 50 ಮಿಲಿಮೀಟರ್ ಮಾತ್ರ. ಸನ್ನೆಯ ನಿಯಮದಂತೆ ಅದರ ಮೇಲೆ ಬೀಳುವ ಬಲ ಚಕ್ರದ ಮೇಲಿನದಕ್ಕಿಂತ ಎರಡೂವರೆ ಪಟ್ಟು. ಆ ಗಾಳಿಯನ್ನೂ ಎಣ್ಣೆಯನ್ನೂ ತಡೆದು ನಿಲ್ಲಿಸಿರುವುದು ತೆಳುವಾದ ರಬ್ಬರ್ ಸೀಲುಗಳು. ಅವು ಸವೆಯುತ್ತವೆ. ಆದ್ದರಿಂದಲೇ ಇದರ ಆಯುಷ್ಯವನ್ನು ವರ್ಷದಲ್ಲಲ್ಲ, ಓಡಿದ ಗಂಟೆಯಲ್ಲಿ ಅಳೆಯುವುದು. ರಾಕ್‌ಶಾಕ್ಸ್ ತನ್ನ ಫೋರ್ಕಿನ ಕೆಳಭಾಗವನ್ನು 50 ಗಂಟೆಗೊಮ್ಮೆ ಬಿಚ್ಚಿ ಎಣ್ಣೆ ಬದಲಿಸಬೇಕು ಎನ್ನುತ್ತದೆ. ಫಾಕ್ಸ್ ಕಂಪನಿಯ ಲೆಕ್ಕ 125 ಗಂಟೆ ಅಥವಾ ವರ್ಷಕ್ಕೊಮ್ಮೆ. ವಾರಕ್ಕೆ ನಾಲ್ಕು ಗಂಟೆ ಓಡಿಸುವವನಿಗೆ 50 ಗಂಟೆ ತುಂಬಲು ಮೂರು ತಿಂಗಳು ಸಾಕು. ನಾಲ್ಕು ವರ್ಷದ ಸೈಕಲ್ಲಿಗೆ ಹದಿನಾರು ಸಲ ಆ ಸೇವೆ ಆಗಿರಬೇಕಿತ್ತು. ಮಾರುವವನನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಎಷ್ಟು ಸಲ ಆಗಿದೆ, ಬಿಲ್ಲು ಎಲ್ಲಿ?

ನಮ್ಮ ಮಳೆ, ನಮ್ಮ ಮಣ್ಣು

ಕರ್ನಾಟಕದ ಮಟ್ಟಿಗೆ ಇನ್ನೊಂದು ಮಾತು ಸೇರಿಸಬೇಕು. ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ತೋಟದ ದಾರಿಗಳು ಬೆಟ್ಟದ ಸೈಕಲ್ಲಿಗೆ ಹೇಳಿ ಮಾಡಿಸಿದಂತಿವೆ. ಅಲ್ಲಿನ ಮಳೆಗಾಲದ ಕೆಸರು ಮಾತ್ರ ಬೇರಿಂಗಿನ ಶತ್ರು. ಜಂಬಿಟ್ಟಿಗೆ ಮಣ್ಣಿನ ಗಟ್ಟಿ ಕಣಗಳು ಗ್ರೀಸಿನೊಂದಿಗೆ ಬೆರೆತರೆ ಸಾಣೆ ಹಿಡಿಯುವ ಪುಡಿಯೇ ಸರಿ. ಮನೆಗೆ ಬಂದು ಸ್ಕೂಟರ್ ತೊಳೆಯುವ ಒತ್ತಡದ ಪೈಪನ್ನು ಹಿಡಿದರಂತೂ ನೀರೂ ಮಣ್ಣೂ ಸೇರಿ ನೇರ ಕೀಲಿನೊಳಕ್ಕೆ ಇಳಿಯುತ್ತವೆ. ಹಾರ್ಡ್‌ಟೇಲಿನ ಹಿಂಬದಿಯಲ್ಲಿ ಕೆಡಲು ಕೀಲೇ ಇಲ್ಲ. ಫುಲ್ ಸಸ್ಪೆನ್ಷನ್‌ನಲ್ಲಿ ಒಂದೊಂದು ಕೀಲಿಗೆ ಎರಡರಂತೆ ಹಲವು ಬೇರಿಂಗುಗಳು. ಅವನ್ನು ಒತ್ತಿ ತೆಗೆದು ಒತ್ತಿ ಕೂರಿಸುವುದು ಮೂಲೆಯ ಪಂಕ್ಚರ್ ಅಂಗಡಿಯ ಕೆಲಸವಲ್ಲ. ಇಂಥ ಕೆಲಸ ಬಲ್ಲ ಕೈಗಳು ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಇರುವುದರಿಂದ, ಸಣ್ಣ ಊರಿನವರು ಶಾಕನ್ನು ಬಿಚ್ಚಿ ಕೊರಿಯರ್‌ನಲ್ಲಿ ಕಳಿಸಿ ಕಾಯಬೇಕಾಗುತ್ತದೆ.

ಅದಿರಲಿ, ನಿಜವಾಗಿ ಓಡಿಸುವ ದಾರಿ ಯಾವುದು? ವಾರದ ದಿನ ಡಾಂಬರು ರಸ್ತೆ, ಭಾನುವಾರ ನಂದಿ ಬೆಟ್ಟದ ಸುತ್ತಿನ ಮಣ್ಣುದಾರಿ, ಕೆರೆ ಏರಿ, ಹೊಲದ ಬದು. ಇಷ್ಟೇ ಆಗಿದ್ದರೆ ಹಿಂಬದಿಯ ಶಾಕ್ ಹೆಚ್ಚಿನ ಹೊತ್ತು ಹೊರೆಯೇ. ಪೆಡಲು ತುಳಿದಾಗಲೆಲ್ಲ ಅದು ತುಸು ಕುಗ್ಗಿ ಏಳುತ್ತ ಕಾಲಿನ ಶ್ರಮದ ಒಂದು ಪಾಲನ್ನು ಶಾಖವಾಗಿ ಕಳೆಯುತ್ತದೆ. ಒಳ್ಳೆಯ ವಿನ್ಯಾಸಗಳಲ್ಲಿ ಈ ನಷ್ಟ ಕಡಿಮೆ, ಶಾಕನ್ನು ಬಿಗಿಗೊಳಿಸುವ ಕೀಲಿಯೂ ಉಂಟು. ಆದರೆ ಬೀಗ ಹಾಕಿಯೇ ಇಡುವುದಾದರೆ ಅದನ್ನು ಹೊತ್ತು ತಿರುಗುವುದೇಕೆ? ಕಾಯ್ದಿಟ್ಟ ಅರಣ್ಯದೊಳಗೆ ಅನುಮತಿಯಿಲ್ಲದೆ ಸೈಕಲ್ ನುಗ್ಗಿಸುವಂತಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಲ್ಲು ಎಣಿಸುವ ಬಗೆ

ಇಷ್ಟಾದರೂ ಹಳೆಯ ಫುಲ್ ಸಸ್ಪೆನ್ಷನ್ ಮನಸ್ಸಿಗೆ ಹಿಡಿಸಿದರೆ, ಜಾತ್ರೆಯ ರೈತನಂತೆ ಸಾವಕಾಶವಾಗಿ ಪರೀಕ್ಷಿಸಬೇಕು. ಹಗಲು ಬೆಳಕಿನಲ್ಲಿ ನೋಡಬೇಕು, ತೊಳೆದ ಸೈಕಲ್ಲನ್ನೇ ನೋಡಬೇಕು.

ಮೊದಲನೆಯದು ಚೌಕಟ್ಟು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಅದು ತುಂಡಾಗುತ್ತದೆ. ಇದು ಲೋಹದ ದಣಿವು. ಒಂದು ಮಿತಿಯೊಳಗಿನ ಬಲವನ್ನು ಉಕ್ಕು ಎಷ್ಟು ಸಲವಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಸುರಕ್ಷಿತ ಮಿತಿ ಇಲ್ಲ. ಪ್ರತಿಯೊಂದು ಪೆಟ್ಟೂ ಅದರ ಖಾತೆಗೆ ಜಮೆಯಾಗುತ್ತಲೇ ಇರುತ್ತದೆ. ಹ್ಯಾಂಡಲಿನ ಕೆಳಗಿನ ಬೆಸುಗೆ, ಕೀಲುಗಳ ಸುತ್ತ, ಹಿಂಚಕ್ರದ ಅಚ್ಚು ಕೂರುವ ಜಾಗಗಳಲ್ಲಿ ಕೂದಲೆಳೆಯಂಥ ಗೆರೆ ಕಂಡರೂ ಮಾತುಕತೆ ಅಲ್ಲಿಗೇ ಮುಗಿಯಬೇಕು. ‘ಅದು ಬಣ್ಣ ಬಿರಿದಿರೋದು, ಏನೂ ಆಗಲ್ಲ’ ಎಂಬ ಸಮಾಧಾನ ಬೇಡ. ಕಾರ್ಬನ್ ಚೌಕಟ್ಟಾದರೆ ಒಳಗಿನ ಬಿರುಕು ಹೊರಗೆ ಕಾಣದೆಯೂ ಇರಬಹುದು. ಬಲ್ಲವರ ಕಣ್ಣಿಗೆ ತೋರಿಸದೆ ಅದನ್ನು ಕೊಳ್ಳಬಾರದು.

ಎರಡನೆಯದು ಕೀಲುಗಳು. ಸೀಟು ಹಿಡಿದು ಸೈಕಲ್ಲಿನ ಹಿಂಬದಿಯನ್ನು ಮೆಲ್ಲಗೆ ಎತ್ತಬೇಕು. ಚಕ್ರ ನೆಲ ಬಿಡುವ ಮೊದಲು ‘ಟಕ್’ ಎಂದು ಸಡಿಲ ತಿಳಿದರೆ ಬೇರಿಂಗೋ ಶಾಕಿನ ಬುಷ್ಷೋ ಸವೆದಿದೆ ಎಂದರ್ಥ. ಹಿಂಚಕ್ರವನ್ನು ಹಿಡಿದು ಅಡ್ಡಡ್ಡ ಅಲುಗಿಸಿಯೂ ನೋಡಬೇಕು. ಕೀಲಿನಲ್ಲಿ ಅರ್ಧ ಮಿಲಿಮೀಟರ್ ಸಡಿಲವಿದ್ದರೂ ಚಕ್ರದ ತುದಿಯಲ್ಲಿ ಅದು ಹಲವು ಪಟ್ಟಾಗಿ ಕಾಣುತ್ತದೆ.

ಮೂರನೆಯದು ಶಾಕ್ ಮತ್ತು ಫೋರ್ಕು. ಜಾರುವ ನುಣುಪು ಕೊಳವೆಯ ಮೇಲೆ ಉಗುರಿಗೆ ಸಿಗುವ ಗೀರು ಇದ್ದರೆ ಸೀಲು ಬಾಳುವುದಿಲ್ಲ. ಎಣ್ಣೆಯ ಜಿನುಗು ಕಂಡರೆ ರಿಪೇರಿ ಕಾದಿದೆ. ಕೊಳ್ಳುವವನ ತೂಕಕ್ಕೆ ತಕ್ಕಂತೆ ಶಾಕ್ ಪಂಪಿನಿಂದ ಗಾಳಿ ತುಂಬಿಸಿ, ಸಾಧ್ಯವಾದರೆ ಮಾರನೆಯ ದಿನ ಮತ್ತೆ ಬಂದು ನೋಡಬೇಕು. ಸವಾರ ಸುಮ್ಮನೆ ಕುಳಿತಾಗ ಶಾಕ್ ತನ್ನ ಓಟದ ಸುಮಾರು ಕಾಲುಭಾಗ ಕುಗ್ಗುವುದು ಸರಿಯಾದ ಲಕ್ಷಣ. ರಾತ್ರಿ ಕಳೆಯುವುದರೊಳಗೆ ಅರ್ಧಕ್ಕೆ ಕುಸಿದರೆ ಗಾಳಿ ಸೋರುತ್ತಿದೆ.

ನಾಲ್ಕನೆಯದು ನಿಜವಾದ ‘ಹಲ್ಲು’! ಹಲ್ಲುಚಕ್ರದ ಹಲ್ಲುಗಳು ಒಂದೇ ಕಡೆ ಬಾಗಿ ಚೂಪಾಗಿದ್ದರೆ ಸವೆದಿವೆ. ಚೈನಿನ ಪರೀಕ್ಷೆಗೆ ಶಾಲೆಯ ಸ್ಕೇಲು ಸಾಕು. ಸೈಕಲ್ ಚೈನಿನ ಹನ್ನೆರಡು ಪೂರ್ತಿ ಕೊಂಡಿಗಳು ಪಿನ್ನಿನಿಂದ ಪಿನ್ನಿಗೆ ಸರಿಯಾಗಿ 12 ಅಂಗುಲ ಇರಬೇಕು. ಅಂಗುಲದ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನು ಅರ್ಧ ಶೇಕಡಾ ಹಿಗ್ಗಿದೆ, ಬದಲಿಸಬೇಕು. ಹಿಗ್ಗಿದ ಚೈನನ್ನೇ ಬಹಳ ದಿನ ಓಡಿಸಿದ್ದರೆ ಹಲ್ಲುಚಕ್ರಗಳನ್ನೂ ಬದಲಿಸುವ ಖರ್ಚು ಗಂಟು ಬೀಳುತ್ತದೆ.

ಐದನೆಯದು ಅಳತೆ. ಈ ಸೈಕಲ್ಲುಗಳ ಅಳತೆಗಳು ಪದೇ ಪದೇ ಬದಲಾಗಿವೆ. ಒಂದು ಕಾಲಕ್ಕೆ 26 ಅಂಗುಲದ ಚಕ್ರವೇ ಎಲ್ಲೆಡೆ. ಈಗ 29 ಅಥವಾ 27.5. ಹಿಂಚಕ್ರದ ಹಬ್ಬಿನ ಅಗಲ 135 ಮಿಲಿಮೀಟರಿನಿಂದ 142ಕ್ಕೆ, ಅಲ್ಲಿಂದ 148ಕ್ಕೆ ಬಂದಿದೆ. ತೀರಾ ಹಳೆಯ ಅಳತೆಯ ಸೈಕಲ್ಲಿಗೆ ಒಳ್ಳೆಯ ರಿಮ್ಮು, ಫೋರ್ಕು, ಶಾಕ್ ಹುಡುಕುವುದೇ ಒಂದು ಉದ್ಯೋಗವಾದೀತು.

ಕೊನೆಯದು ಕಾಗದಪತ್ರ. ಮೂಲ ಬಿಲ್ಲು ಕೇಳಬೇಕು. ಸಾಮಾನ್ಯವಾಗಿ ಪೆಡಲಿನ ಅಚ್ಚಿನ ಕೆಳಗೆ ಕೆತ್ತಿರುವ ಸಂಖ್ಯೆಯನ್ನು ಅದರೊಂದಿಗೆ ತಾಳೆ ನೋಡಬೇಕು. ಕದ್ದ ಮಾಲನ್ನು ಅಗ್ಗಕ್ಕೆ ಕೊಂಡು ಪೊಲೀಸ್ ಠಾಣೆ ಹತ್ತುವ ಯೋಗ ಯಾರಿಗೂ ಬೇಡ. ಬಹುತೇಕ ಕಂಪನಿಗಳು ಚೌಕಟ್ಟಿನ ಗ್ಯಾರಂಟಿಯನ್ನು ಮೊದಲ ಒಡೆಯನಿಗೆ ಮಾತ್ರ ಕೊಡುತ್ತವೆ. ಕೈ ಬದಲಾದೊಡನೆ ಅದೂ ಮುಗಿಯಿತು. ಇನ್ನು ‘ಕಾಡಿಗೆ ಒಯ್ದದ್ದೇ ಇಲ್ಲ ಬಾಸ್, ಬರೀ ರೋಡಲ್ಲೇ ಓಡಿಸಿದ್ದು’ ಎಂದರೆ ಸೈಕಲ್ಲನ್ನು ಮಗುಚಿ ಚೌಕಟ್ಟಿನ ಅಡಿಭಾಗ ನೋಡಿದರಾಯಿತು. ಕಲ್ಲು ಸಿಡಿದು ಬಡಿದ ಗುರುತುಗಳು ಸುಳ್ಳು ಹೇಳುವುದಿಲ್ಲ.

ಹೊಸದೆಲ್ಲ ಒಳ್ಳೆಯದಲ್ಲ

ಇದರರ್ಥ ಹೊಸದನ್ನು ಕಣ್ಣುಮುಚ್ಚಿ ಕೊಳ್ಳಬಹುದು ಎಂದಲ್ಲ. ಅಗ್ಗದ ಹೊಸ ಸೈಕಲ್ಲುಗಳ ಫೋರ್ಕಿನಲ್ಲಿ ಬರೀ ಸ್ಪ್ರಿಂಗ್ ಇರುತ್ತದೆ, ಕುಣಿತ ತಡೆಯುವ ಎಣ್ಣೆಯ ಏರ್ಪಾಡು ಇರುವುದಿಲ್ಲ. ಅದು ಎಣ್ಣೆ ಸೋರಿದ ಬಾಗಿಲಿನಂತೆಯೇ. ಗಾಳಿ ತುಂಬುವ ಫೋರ್ಕು, ಅದು ಮರಳಿ ಏಳುವ ವೇಗವನ್ನು ಹೊಂದಿಸುವ ತಿರುಪು, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಡಿಸ್ಕ್ ಬ್ರೇಕು, ಕೊಳವೆಯಂತೆ ತೂರಿ ಬಿಗಿಯುವ ಅಚ್ಚು, ಈ ನಾಲ್ಕೂ ಇವೆಯೇ ಎಂದು ನೋಡಬೇಕು. ಎರಡೂ ಕಡೆ ಶಾಕ್ ಇದ್ದೂ ಅಗ್ಗಕ್ಕೆ ಸಿಗುವ ಹೊಚ್ಚಹೊಸ ಸೈಕಲ್ಲಿನ ಆಸೆಯನ್ನಂತೂ ಬಿಡುವುದೇ ಲೇಸು. ಅದರಲ್ಲಿ ಭಾರ ಹೆಚ್ಚು, ಕೆಲಸ ಕಡಿಮೆ.

ಹಾಗಾದರೆ 80,000 ರೂಪಾಯಿ ಹಿಡಿದು ನಿಂತ ತರುಣ ಏನು ಮಾಡಬೇಕು? ಇದು ಅವನ ಮೊದಲ ಬೆಟ್ಟದ ಸೈಕಲ್ಲಾದರೆ, ದಾರಿ ಸಾಧಾರಣವಾದರೆ, ಪಾನಾ ಹಿಡಿದು ಅಭ್ಯಾಸವಿಲ್ಲದಿದ್ದರೆ ಹೊಸ ಹಾರ್ಡ್‌ಟೇಲೇ ಸರಿ. ಅದರ ನಿನ್ನೆಗಳು ಖಾಲಿ ಹಾಳೆ. ಮುಂದೆ ಅದರಲ್ಲಿ ಬರೆಯುವುದೆಲ್ಲ ಅವನದೇ ಕೈಬರಹ. ಬದಲಿಗೆ ಅವನು ಎರಡು ಮೂರು ವರ್ಷ ಓಡಿಸಿ ಪಳಗಿದವನು, ಪ್ರತಿ ವಾರ ಕಲ್ಲಿನ ಇಳಿಜಾರಿಗೇ ಹೋಗುವವನು, ಹಳೆಯ ಸೈಕಲ್ಲಿನ ಸೇವೆಯ ದಾಖಲೆ ಕೈಯಲ್ಲಿದೆ ಎಂದಾದರೆ ಫುಲ್ ಸಸ್ಪೆನ್ಷನ್ ಕೊಳ್ಳುವುದು ತಪ್ಪಲ್ಲ. ಆದರೆ 80,000ವನ್ನೂ ಮಾರುವವನ ಕೈಗೆ ಸುರಿಯಬಾರದು. 60,000ಕ್ಕೆ ಮಾತು ಮುಗಿಸಿ, 20,000ವನ್ನು ಬೇರಿಂಗು, ಸೀಲು, ಟಯರು, ಚೈನಿಗೆಂದು ಎತ್ತಿಡಬೇಕು. ಆ ಬೆಲೆಗೆ ಬಾರದಿದ್ದರೆ ಅದು ಅವನ ಸೈಕಲ್ಲಲ್ಲ.

ಇಷ್ಟಕ್ಕೂ ಹಳೆಯ ಸೈಕಲ್ ಕೊಳ್ಳುವವನು ಬರೀ ಲೋಹ ಕೊಳ್ಳುವುದಿಲ್ಲ, ಹಿಂದಿನ ಒಡೆಯನ ಅಭ್ಯಾಸಗಳನ್ನೂ ಕೊಳ್ಳುತ್ತಾನೆ. ಅವನು ಜೋಪಾನಿಯಾಗಿದ್ದರೆ ಲಾಭ, ಉಡಾಫೆಯವನಾಗಿದ್ದರೆ ಅದರ ದಂಡ ತೆರುವವನು ಬೇರೆ.

ಜಾತ್ರೆಯಲ್ಲಿ ಮನಸ್ಸಿಗೆ ಒಪ್ಪುವ ಎತ್ತು ಸಿಗದಿದ್ದರೆ ರೈತ ಬರೀ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ವಾಪಸಾಗುತ್ತಾನೆ. ಅದನ್ನು ನೋಡಿ ಯಾರೂ ನಗುವುದಿಲ್ಲ. ಮುಂದಿನ ಜಾತ್ರೆ ಇದ್ದೇ ಇರುತ್ತದೆ.